ಮೂರನೇ ಹಳ್ಳದ ನೀರು

ಅಕ್ಕ ತೀರಿಕೊಂಡ ವರ್ಷವೇ ನಾನು ಕೆರೆಯ ಕೆಲಸಕ್ಕೆ ಸೇರಿದ್ದು. ಅದಕ್ಕೆ ಮೊದಲು ಬಹಳ ಕಾಲ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದೆ. ಕಾರ್ಖಾನೆ ಮುಚ್ಚಿತು. ಬೇರೆ ಕಡೆ ಕೇಳಿ ನೋಡೋಣ ಅಂದುಕೊಳ್ಳುವಷ್ಟರಲ್ಲಿ ಅಕ್ಕನಿಗೆ ಕಾಯಿಲೆ ಹಿಡಿಯಿತು, ಅವಳನ್ನು ನೋಡಿಕೊಳ್ಳುವುದೇ ನನ್ನ ಕೆಲಸವಾಯಿತು. ನಾವಿಬ್ಬರೂ ಮದುವೆಯಾದವರಲ್ಲ. ಅಪ್ಪ ಅಮ್ಮ ಹೋದ ಮೇಲೆ ಒಂಟಿಕೊಪ್ಪಲಿನ ಒಂದು ಮಹಡಿ ಮನೆಯಲ್ಲಿ ಇಬ್ಬರೇ ಇದ್ದೆವು. ಅಕ್ಕ ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಸಂಜೆ ಬಂದವಳು ಚಪ್ಪಲಿ ಬಿಡುತ್ತಲೇ ಅವತ್ತಿನ ಕತೆ ಶುರು ಮಾಡುತ್ತಿದ್ದಳು. ಕೌಂಟರಿನಲ್ಲಿ ಯಾರು ಜಗಳ ತೆಗೆದರು, ಯಾವ ಅಜ್ಜ ಪಾರ್ಸೆಲ್ಲಿಗೆ ಕಾದು ಕಾದು ಬೆಂಚಿನ ಮೇಲೇ ನಿದ್ದೆ ಹೋದ, ಎಲ್ಲ ಹೇಳಬೇಕು ಅವಳಿಗೆ. ನಾನು ಸೊಪ್ಪು ಬಿಡಿಸುತ್ತ ಕೇಳುತ್ತಿದ್ದೆ. ನನಗೆ ಮಾತು ಕಡಿಮೆ ಎಂದು ನೆಂಟರೆಲ್ಲ ಹೇಳುತ್ತಿದ್ದರು, ನಾನೂ ಹಾಗೇ ನಂಬಿಕೊಂಡಿದ್ದೆ. ಅವಳು ಹೋದ ಮೇಲೆ ಆಡಬೇಕಾದ ಮಾತು ನನ್ನೊಳಗೂ ಇಷ್ಟೊಂದಿತ್ತಲ್ಲ ಅನ್ನಿಸಿ ಗಾಬರಿಯಾಗುತ್ತಿತ್ತು.

ಕೆಲಸ ಕೊಟ್ಟವರದು ಚಿಕ್ಕ ಸಂಸ್ಥೆ. ಯಾದವಗಿರಿಯಲ್ಲಿ ಒಂದು ಹಳೆಯ ಬಂಗಲೆಯ ಹಿಂಭಾಗವನ್ನು ಬಾಡಿಗೆಗೆ ಹಿಡಿದು ಪ್ರಯೋಗಾಲಯ ಮಾಡಿಕೊಂಡಿದ್ದರು. ನಗರದಿಂದ ಪಶ್ಚಿಮಕ್ಕೆ, ಹುಣಸೂರು ರಸ್ತೆಯಿಂದ ಒಳಗೆ ತಿರುಗಿದರೆ ಒಂದು ಕೆರೆ ಸಿಗುತ್ತದೆ. ಅದರ ಏರಿಯ ಕೆಳಗೆ ತೋಡಿದ ಬಾವಿಯಿಂದ ಸುತ್ತಲಿನ ಹಳ್ಳಿಗಳಿಗೂ ಹೊಸ ಬಡಾವಣೆಗಳಿಗೂ ಕುಡಿಯುವ ನೀರು ಹೋಗುತ್ತಿತ್ತು. ಆ ಕೆರೆಗೆ ನೀರು ತರುವ ಹಳ್ಳಗಳು ಮೂರು. ಸುತ್ತಲಿನ ಹೊಲ, ಕೊಟ್ಟಿಗೆ, ಮನೆಗಳಿಂದ ಮಳೆಯ ಜೊತೆ ಎಷ್ಟು ನೈಟ್ರೇಟ್ ಹರಿದು ಬಂದು ಕೆರೆ ಸೇರುತ್ತಿದೆ ಎಂದು ಅಳೆಯುವುದು ನನ್ನ ಕೆಲಸ. ಹದಿನೈದು ದಿನಕ್ಕೊಮ್ಮೆ ಹೋಗಬೇಕು, ಗೊತ್ತುಮಾಡಿದ ಜಾಗಗಳಲ್ಲಿ ನೀರು ತುಂಬಿಕೊಳ್ಳಬೇಕು, ಬಿಸಿಲೇರುವ ಮುಂಚೆ ಐಸ್ ಪೆಟ್ಟಿಗೆಯಲ್ಲಿಟ್ಟು ತರಬೇಕು, ಪರೀಕ್ಷೆ ಮಾಡಬೇಕು.

ನೈಟ್ರೇಟ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಗೊಬ್ಬರದಿಂದ, ಸಗಣಿಯಿಂದ, ಪಾಯಿಖಾನೆ ಗುಂಡಿಯಿಂದ ಅದು ಮಣ್ಣಿಗಿಳಿಯುತ್ತದೆ, ಮಣ್ಣಿನಿಂದ ನೀರಿಗೆ ಸೇರುತ್ತದೆ. ತಳದ ಕಲ್ಲು ಕಾಣುವಷ್ಟು ತಿಳಿಯಾದ ನೀರಿನಲ್ಲೂ ಅದು ತುಂಬಿರಬಹುದು. ಹಾಗಾಗಿ ದಡದಲ್ಲಿ ನಿಂತು ನೋಡಿ ನಾನು ಏನನ್ನೂ ಹೇಳುವಂತಿರಲಿಲ್ಲ. ಬಾಟಲಿಯನ್ನು ಅದೇ ನೀರಿನಲ್ಲಿ ತೊಳೆದು, ತುಂಬಿ, ಮುಚ್ಚಳ ಬಿಗಿದು, ಚೀಟಿ ಅಂಟಿಸಿ ಮುಂದಿನ ಜಾಗಕ್ಕೆ ಹೋಗುತ್ತಿದ್ದೆ. ಸ್ಕೂಟರು ಹೋಗದ ಕಡೆ ನಡಿಗೆ. ಎಷ್ಟೋ ಸಲ ಬೆಳಗ್ಗೆ ಹೊರಟು ಮಧ್ಯಾಹ್ನ ಪ್ರಯೋಗಾಲಯಕ್ಕೆ ಬರುವವರೆಗೂ ಯಾರ ಜೊತೆಯೂ ಒಂದು ಮಾತು ಆಡಿರುತ್ತಿರಲಿಲ್ಲ. ಗಂಟಲು ಕಟ್ಟಿಕೊಂಡಂತಾಗಿ, ಅಲ್ಲಿ ಯಾರಾದರೂ ಏನಾದರೂ ಕೇಳಿದರೆ ಮೊದಲ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

ಮೊದಲ ದಿನ ಏರಿಯ ಮೇಲೆ ನಿಂತಾಗ ಅಜ್ಜಿಯ ನೆನಪಾಗಿತ್ತು. ಅಪ್ಪನ ತಾಯಿ ಅವರು, ಹಳ್ಳಿಯವರು. ಅವರ ಕಾಲದಲ್ಲಿ ನಮ್ಮವರು ಊರ ನೀರು ಮುಟ್ಟುವಂತಿರಲಿಲ್ಲ. ಬಿಂದಿಗೆ ಕೆಳಗಿಟ್ಟು ದೂರ ಸರಿದು ನಿಂತಿರಬೇಕು, ಯಾರಿಗಾದರೂ ಮನಸ್ಸು ಬಂದರೆ ಎತ್ತರದಿಂದ ಹೊಯ್ಯುತ್ತಿದ್ದರಂತೆ. ತಾತ ಮೈಸೂರಿಗೆ ಬಂದು ಕೂಲಿ ಮಾಡಿ ಅಪ್ಪನನ್ನು ಓದಿಸಿದರು. ಅಪ್ಪ ಬೌದ್ಧರಾದರು. ನಮ್ಮ ಮನೆಯ ನಡುಕೋಣೆಯಲ್ಲಿ ಇವತ್ತಿಗೂ ಅಪ್ಪ ತಂದ ಬುದ್ಧನ ಪಟವಿದೆ. ಕೆರೆಯ ನೀರಿಗೆ ಕೈಯಿಳಿಸಿ ಬಾಟಲಿ ತುಂಬುವಾಗ ಅಜ್ಜಿಗೆ ಇದನ್ನು ತೋರಿಸಬಹುದಿತ್ತು ಅನ್ನಿಸಿತು. ಸಂಜೆ ಅಕ್ಕನಿಗೆ ಹೇಳಬೇಕು ಅಂದುಕೊಂಡೆ, ಆಮೇಲೆ ಅವಳಿಲ್ಲ ಎಂಬುದು ನೆನಪಾಯಿತು.

ಮೂರನೇ ಹಳ್ಳದ ಪಕ್ಕ, ದಿಬ್ಬದ ಮೇಲೆ, ಒಂದು ತೋಟದ ಮನೆಯಿತ್ತು. ಊರಿನಿಂದ ದೂರ, ಒಂಟಿ ಮನೆ. ಮುಂದೆ ಎಲೆಕೋಸು, ಹುರುಳಿಕಾಯಿ ಬೆಳೆಯುತ್ತಿದ್ದ ಹೊಲ, ಹಿಂದೆ ಸೀಮೆಹಸುಗಳ ಕೊಟ್ಟಿಗೆ. ನಾನು ಹಳ್ಳದಲ್ಲಿ ಬಗ್ಗಿ ನೀರು ತುಂಬುವುದನ್ನು ಆ ಮನೆಯ ಹೆಂಗಸು ಎರಡು ಮೂರು ಸಲ ಬೇಲಿಯಾಚೆ ನಿಂತು ನೋಡಿದ್ದಿರಬೇಕು. ಒಂದು ಬೆಳಗ್ಗೆ ಸೆರಗು ಸಿಕ್ಕಿಸಿಕೊಂಡು ಇಳಿದು ಬಂದರು. ನನಗಿಂತ ನಾಲ್ಕೈದು ವರ್ಷ ಚಿಕ್ಕವರು, ಗಟ್ಟಿ ಮೈಕಟ್ಟು, ಕೈ ತುಂಬ ಹಸಿರು ಬಳೆ.

"ನೀರ್ನಲ್ಲಿ ಏನ್ ಹುಡುಕ್ತೀರಿ ಮೇಡಮ್ಮೋರೆ?" ಅಂದರು.

ಹೇಳಿದೆ. ಕಣ್ಣಿಗೆ ಕಾಣದ್ದನ್ನು ಹುಡುಕುವುದಕ್ಕೆ ಅಷ್ಟು ದೂರದಿಂದ ಬರುತ್ತೀರಾ ಎಂದು ಅವರು ನಕ್ಕರು. ಬಿಸಿಲಾಗಿದೆ, ಮಜ್ಜಿಗೆ ಕುಡಿದು ಹೋಗಿ ಎಂದು ಕರೆದರು. ಜಗಲಿಯ ಮೇಲೆ ಕೂತು ಕುಡಿದೆ. ಇಂಗು, ಕರಿಬೇವು ಹಾಕಿದ ತೆಳು ಮಜ್ಜಿಗೆ. ಮನೆ ಎಲ್ಲಿ, ಮನೆಯವರು ಏನು ಮಾಡುತ್ತಾರೆ, ಮಕ್ಕಳೆಷ್ಟು ಎಂದೆಲ್ಲ ಕೇಳಿದರು. ಮದುವೆಯಾಗಿಲ್ಲ ಅಂದಾಗ "ಹೋಗ್ಲಿ ಬುಡಿ" ಅಂದರು, ನನಗೆ ಏನೋ ನಷ್ಟವಾದಾಗ ಸಮಾಧಾನ ಹೇಳಿದ ಹಾಗೆ. ಕೊನೆಗೆ, ನೀವು ಯಾವ ಪೈಕಿ ಎಂದು ಕೇಳಿದರು. ಈ ಪ್ರಶ್ನೆ ಬಂದಾಗ ಸುತ್ತುಬಳಸಬಾರದು ಎಂದು ಅಪ್ಪ ಹೇಳಿಕೊಟ್ಟಿದ್ದರು. ನೇರವಾಗಿ ಹೇಳಿದೆ. ಅವರು ಕೊಟ್ಟಿಗೆಯ ಕಡೆ ನೋಡಿದರು. ಹಸುವೊಂದು ಕೂಗುತ್ತಿದೆ ಎಂದು ಎದ್ದು ಹೋದರು. ನಾನು ಲೋಟವನ್ನು ಜಗಲಿಯ ಅಂಚಿನಲ್ಲಿಟ್ಟು ಹೊರಟುಬಂದೆ.

ಹದಿನೈದು ದಿನ ಕಳೆದು ಹೋದಾಗ ಆ ಮನೆಯ ಕಡೆ ತಲೆ ಎತ್ತಬಾರದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಬೇಲಿಯ ಹತ್ತಿರ ನಿಂತು ಅವರೇ ಕೂಗಿದರು. ಅದೇ ಸ್ಟೀಲ್ ಲೋಟದಲ್ಲಿ ಮಜ್ಜಿಗೆ ಕೊಟ್ಟರು. ಕುಡಿದು ಕೆಳಗಿಡಲು ಬಗ್ಗಿದರೆ ಕೈಯಿಂದಲೇ ಈಸಿಕೊಂಡು, ಬಚ್ಚಲ ಕಲ್ಲಿನ ಮೇಲೆ ಮನೆಯ ಉಳಿದ ಪಾತ್ರೆಗಳ ಜೊತೆ ಹಾಕಿದರು. ನಾನು ಬೇರೆ ಕಡೆ ನೋಡುತ್ತಿದ್ದ ಹಾಗೆ ಮಾಡಿ ಅದನ್ನೇ ನೋಡಿದೆ. ಈ ಎರಡು ವಾರ ಅವರು ಒಳಗೊಳಗೇ ಏನು ಯೋಚಿಸಿದ್ದರೋ, ಯಾರ ಜೊತೆ ಮಾತಾಡಿದ್ದರೋ ನನಗೆ ಗೊತ್ತಿಲ್ಲ. ಆ ಮೇಲೆ ಆ ವಿಷಯ ನಮ್ಮಿಬ್ಬರ ನಡುವೆ ಬರಲಿಲ್ಲ.

ಬರುಬರುತ್ತ ಅವರು ನನ್ನನ್ನು ಅಕ್ಕಾ ಅನ್ನತೊಡಗಿದರು. ನಾನು ಮನೆಯಲ್ಲಿ ಕಿರಿಯವಳು, ಹುಟ್ಟಿದಾಗಿನಿಂದ ಬೇರೆಯವರನ್ನು ಅಕ್ಕ ಅಂದವಳೇ ಹೊರತು ಅನ್ನಿಸಿಕೊಂಡವಳಲ್ಲ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಆ ಜಗಲಿಯ ಮೇಲೆ ಕೂರುವುದಕ್ಕಾಗಿ ನಾನು ಉಳಿದ ಎರಡು ಹಳ್ಳಗಳನ್ನು ಬೇಗ ಮುಗಿಸಿಕೊಳ್ಳುತ್ತಿದ್ದೆ. ಹೋಗುವಾಗ ಒಂಟಿಕೊಪ್ಪಲಿನ ಬೇಕರಿಯಿಂದ ಬನ್ನು, ಕೆಲವೊಮ್ಮೆ ಮಲ್ಲಿಗೆ ಮೊಗ್ಗು ಒಯ್ಯುತ್ತಿದ್ದೆ. ಅಕ್ಕನ ಅಂಚೆ ಕಚೇರಿಯ ಕತೆಗಳನ್ನೆಲ್ಲ ಅಲ್ಲಿ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರ ಯಜಮಾನರು ಇದ್ದರೆ ಮಾತ್ರ ನಾನು ಬೇಗ ಏಳುತ್ತಿದ್ದೆ. ಅವರು ಕೆಟ್ಟವರೇನಲ್ಲ, ನನ್ನನ್ನು ಕಂಡರೆ ತಲೆಯಾಡಿಸುತ್ತಿದ್ದರು, ಆದರೆ ಜಗಲಿಗೆ ಬರುತ್ತಿರಲಿಲ್ಲ, ಮಾತಿಗೂ ನಿಲ್ಲುತ್ತಿರಲಿಲ್ಲ.

ಎರಡನೇ ವರ್ಷದ ಮುಂಗಾರು ಚೆನ್ನಾಗಿ ಹಿಡಿಯಿತು. ಮಳೆ ಬಿದ್ದಾಗ ಹಳ್ಳಗಳಲ್ಲಿ ನೈಟ್ರೇಟ್ ಸ್ವಲ್ಪ ಏರುವುದು ಮಾಮೂಲು. ಒಂದು, ಎರಡನೇ ಹಳ್ಳಗಳಲ್ಲಿ ಏರಿ ಇಳಿಯಿತು. ಮೂರನೆಯದರಲ್ಲಿ ಮಾತ್ರ ಏರಿದ್ದು ಇಳಿಯಲಿಲ್ಲ, ಪ್ರತಿ ಸಲವೂ ಹಿಂದಿನದಕ್ಕಿಂತ ಹೆಚ್ಚು ಬಂತು. ನಮ್ಮ ಸಂಸ್ಥೆಯ ಮುಖ್ಯಸ್ಥರು ನನಗಿಂತ ಚಿಕ್ಕ ವಯಸ್ಸಿನವರು, ಮೃದು ಮಾತಿನವರು. ಹಳ್ಳದ ಗುಂಟ ಮೇಲಕ್ಕೆ ನಡೆದುಕೊಂಡು ಹೋಗಿ, ಎಲ್ಲಿ ಏರುತ್ತದೆ ನೋಡಿಕೊಂಡು ಬನ್ನಿ ಅಂದರು.

ಹೋದೆ. ಲಂಟಾನ ಪೊದೆಗಳ ನಡುವೆ, ಕೆಸರಲ್ಲಿ ಕಾಲೆಳೆದುಕೊಂಡು, ಪ್ರತಿ ತಿರುವಿನಲ್ಲೂ ಒಂದೊಂದು ಬಾಟಲಿ ತುಂಬಿದೆ. ಪ್ರಯೋಗಾಲಯದಲ್ಲಿ ಅವುಗಳನ್ನು ಸಾಲಾಗಿಟ್ಟು ಒಂದೊಂದಾಗಿ ನೋಡಿದೆ. ತೋಟದ ಮನೆಯಿಂದ ಮೇಲೆ ತುಂಬಿದ ನೀರಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಮನೆಯ ಬೇಲಿ ದಾಟಿದ ಕೂಡಲೇ ಅಂಕಿ ಜಿಗಿದಿತ್ತು. ನಂಬದೆ ಮೊದಲಿನಿಂದ ಮತ್ತೆ ಪರೀಕ್ಷೆ ಮಾಡಿದೆ. ಅಷ್ಟೇ ಬಂತು.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಆ ವರ್ಷ ಅವರು ಇನ್ನಷ್ಟು ಹಸು ಕಟ್ಟಿದ್ದರು. ಕೊಟ್ಟಿಗೆಯ ಹಿಂದಿನ ತಿಪ್ಪೆ ಅಂಗಳದಷ್ಟು ಹರಡಿಕೊಂಡಿತ್ತು. ತರಕಾರಿಗೆಂದು ಲಾರಿಯಲ್ಲಿ ತರಿಸಿದ ಕೋಳಿಗೊಬ್ಬರದ ರಾಶಿ ಪಕ್ಕದಲ್ಲೇ ಮಳೆಗೆ ನೆನೆಯುತ್ತ ಬಿದ್ದಿತ್ತು. ಅಲ್ಲಿಂದ ನೆಲ ಹಳ್ಳದ ಕಡೆ ಇಳಿಜಾರು. ಆ ಇಳಿಜಾರಿನ ನಡುವೆ, ತಿಪ್ಪೆಯಿಂದ ಕೂಗಳತೆಯೂ ಇಲ್ಲದ ದೂರದಲ್ಲಿ, ಅವರ ಕೊಳವೆ ಬಾವಿ. ಊರಿನ ನಲ್ಲಿ ನೀರಿನ ಪೈಪು ಆ ಒಂಟಿ ಮನೆಯವರೆಗೆ ಬಂದಿರಲಿಲ್ಲ. ಕುಡಿಯುವುದಕ್ಕೂ ಅಡಿಗೆಗೂ ಅವರಿಗೆ ಅದೇ ನೀರು.

ಮರುದಿನ ಬೆಳಗ್ಗೆಯೇ ಹೊರಟೆ, ಕೊಳವೆ ಬಾವಿಯ ನೀರನ್ನೂ ಒಂದು ಬಾಟಲಿ ಕೇಳಿ ತರೋಣ ಎಂದು. ಆ ಹೊತ್ತಿಗೆ ಅವರ ಮನೆಗೆ ಬಾಣಂತನಕ್ಕೆ ಮಗಳು ಬಂದು ಹೆಣ್ಣು ಮಗುವಾಗಿತ್ತು. ಹಿಂದಿನ ಸಲ ಹೋದಾಗ ಟೋಪಿ, ಕಾಲುಚೀಲ ಒಯ್ದು ಕೊಟ್ಟಿದ್ದೆ. ತಾಯಿ ನನ್ನನ್ನು ಅಕ್ಕ ಅನ್ನುವುದರಿಂದ ಮಗಳು ದೊಡ್ಡಮ್ಮ ಅನ್ನುತ್ತಿದ್ದಳು. ಅವತ್ತು ಅವಳು ಒಳಕೋಣೆಯಲ್ಲಿ ಮಲಗಿದ್ದಳು. ಮಗು ಹೇಗಿದೆ ಅಂದೆ.

"ಒಸಿ ಸಪ್ಪಗವ್ಳೆ ಅಕ್ಕಾ. ಎರಡು ದಿನದಿಂದ ಭೇದಿ" ಅಂದರು. ಮಗಳಿಗೆ ಹಾಲು ಸಾಲುತ್ತಿಲ್ಲವಂತೆ, ಪುಡಿಹಾಲು ಕಲಸಿ ಕೊಡುತ್ತಿದ್ದಾರಂತೆ. ಹೇಳುತ್ತ ಒಲೆಯ ಪಕ್ಕದ ಮುಚ್ಚಿದ ಪಾತ್ರೆ ತೋರಿಸಿದರು. "ನೀರು ಒಂದ್ಸಲ ಅಲ್ಲ, ಎರಡ್ಸಲ ಕುದಿಸ್ತೀನಿ. ಕೂಸಿನ ವಿಷಯ ನೋಡಿ, ನಾನು ಯಾರನ್ನೂ ನಂಬಲ್ಲ."

ಬೇರೆ ಎಷ್ಟೋ ಕೊಳೆಗೆ ಕುದಿಸುವುದು ಸರಿಯಾದ ದಾರಿ. ನೈಟ್ರೇಟ್ ಮಾತ್ರ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾಗುತ್ತದೆ, ಅದು ಇದ್ದಷ್ಟೇ ಉಳಿದು ಇನ್ನೂ ಗಟ್ಟಿಯಾಗುತ್ತದೆ. ದೊಡ್ಡವರ ಮೈ ತಡೆದುಕೊಳ್ಳುತ್ತದೆ, ಎಳೆ ಮಗುವಿನ ರಕ್ತ ಮಾತ್ರ ಅದರಿಂದ ಆಮ್ಲಜನಕ ಹೊರಲಾರದಂತಾಗುತ್ತದೆ. ನಾನು ಪರೀಕ್ಷೆ ಮಾಡಿ ನೋಡುವವರೆಗೆ ಈ ನೀರು ಕೊಡಬೇಡಿ ಅಂದೆ. ಮತ್ತೆ ಯಾವ ನೀರು ಕೊಡಲಿ ಅಂದರು. ಊರಿನ ನಲ್ಲಿಗೆ ಅವತ್ತು ನೀರು ಬಿಡುವ ದಿನವಲ್ಲ, ಶುದ್ಧ ನೀರಿನ ಘಟಕವೂ ಕೆಟ್ಟು ನಿಂತಿತ್ತು. ಸಂಜೆಯೊಳಗೆ ಬರುತ್ತೇನೆ, ಅಲ್ಲಿಯವರೆಗೆ ತಾಯಿಯ ಹಾಲಷ್ಟೇ ಸಾಕು ಎಂದು ಹೇಳಿ, ಬಾವಿಯ ನೀರು ತುಂಬಿಕೊಂಡು ಓಡಿದೆ. ಅವರು ತಲೆಯಾಡಿಸಿದರು, ಆದರೆ ಹೆದರಿಕೆಯವಳು ಎಂದು ನನ್ನ ಬಗ್ಗೆ ಅಂದುಕೊಂಡದ್ದು ಮುಖದಲ್ಲೇ ಕಂಡಿತು.

ನಮ್ಮ ಯಂತ್ರ ಆ ನೀರನ್ನು ಅಳೆಯಲಾರದೆ ಹೋಯಿತು. ಅದರ ಅಳತೆಯ ತುದಿಯನ್ನೂ ಮೀರಿತ್ತು. ಶುದ್ಧ ನೀರು ಬೆರೆಸಿ ತೆಳು ಮಾಡಿ, ಮತ್ತೆ ಅಳೆದು, ಗುಣಿಸಿ ನೋಡಬೇಕಾಯಿತು. ಕುಡಿಯುವ ನೀರಿಗೆ ಹಾಕಿರುವ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚು. ಅವರ ಮನೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಮುಖ್ಯಸ್ಥರಿಗೆ ಹೇಳಿದೆ. ಅವರು ಹಾಳೆಯನ್ನು ನೋಡಿ, "ನೀವು ಹೊರಡಿ ಮೇಡಂ. ನನಗೆ ಗೊತ್ತಿರೋ ಮಕ್ಕಳ ಡಾಕ್ಟರಿಗೆ ನಾನು ಹೇಳಿಟ್ಟಿರ್ತೀನಿ" ಅಂದರು.

ಮೊದಲು ಮನೆಗೆ ಹೋದೆ. ಅಡಿಗೆಮನೆಯಲ್ಲಿದ್ದ ನೀಲಿ ಕ್ಯಾನನ್ನು ತೊಳೆದು ನಲ್ಲಿ ನೀರು ತುಂಬಿದೆ. ದಾರಿಯಲ್ಲಿ ಅಂಗಡಿಯಲ್ಲೂ ಸಿಗುತ್ತಿತ್ತು, ಆದರೆ ಅಂಗಡಿಯ ಕ್ಯಾನಿನಲ್ಲಿ ಏನಿದೆಯೆಂದು ನನಗೇನು ಗೊತ್ತು? ನಮ್ಮ ಮನೆಯ ನೀರನ್ನು ನಾನೇ ಎಷ್ಟೋ ಸಲ ಪರೀಕ್ಷಿಸಿದ್ದೆ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಕ್ಯಾನನ್ನಿಟ್ಟು ಎರಡು ಕಾಲಲ್ಲೂ ಒತ್ತಿ ಹಿಡಿದು ಜಯಲಕ್ಷ್ಮಿಪುರಂ ದಾಟಿದೆ. ಕಚೇರಿ ಬಿಡುವ ಹೊತ್ತು, ಹುಣಸೂರು ರಸ್ತೆ ತುಂಬಿಹೋಗಿತ್ತು. ಆ ಕ್ಯಾನಿನ ಬಗ್ಗೆ ನಾನು ಬೇರೆ ರೀತಿಯಲ್ಲಿ ಯೋಚಿಸಿದ್ದು ತೋಟದ ಮನೆಯ ಮುಂದೆ ಅದನ್ನು ಇಳಿಸುವಾಗ.

ಯಜಮಾನರು ಜಗಲಿಯ ಮೇಲೆ ಕೂತಿದ್ದರು. ಇನ್ನೂ ಬೆಳಕಿತ್ತು. ನಿಂತುಕೊಂಡೇ ಎಲ್ಲ ಹೇಳಿದೆ, ತಿಪ್ಪೆಯ ವಿಷಯವನ್ನೂ ಸೇರಿಸಿ. ಅವರು ಪೂರ್ತಿ ಕೇಳಿದರು. ಇಪ್ಪತ್ತು ವರ್ಷದಿಂದ ಕುಡಿಯುತ್ತಿದ್ದೇವೆ, ನಮಗೇನಾಗಿದೆ ಅಂದರು. ದೊಡ್ಡವರಿಗೆ ಆಗುವುದಿಲ್ಲ, ಕೂಸಿಗೆ ಆಗುತ್ತದೆ ಅಂದೆ.

"ಕುದಿಸಿದ್ರೂ ಹೋಗಲ್ವಾ?" ಎಂದು ಬಾಗಿಲಿನಿಂದ ಮಾತು ಬಂತು. ಮಗುವಿನ ಅಜ್ಜಿ ಅಲ್ಲಿ ನಿಂತಿದ್ದರು.

ಇಲ್ಲ, ಕುದಿಸಿದಷ್ಟೂ ಹೆಚ್ಚಾಗುತ್ತದೆ ಎಂದೆ. ಅದನ್ನು ಬೇರೆ ಹೇಗೆ ಹೇಳಬಹುದಿತ್ತು ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ, ಬೇರೆ ದಾರಿ ಸಿಕ್ಕಿಲ್ಲ. ಅವರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು.

ಯಜಮಾನರು ಕ್ಯಾನಿನ ಕಡೆ ನೋಡಿ, "ಇದು ಎಲ್ಲೀ ನೀರು?" ಅಂದರು.

"ನಮ್ಮನೇದು" ಅಂದೆ.

ಅವರು ಎದ್ದರು, ಕ್ಯಾನಿನ ಹತ್ತಿರ ಬಂದರು, ಮುಟ್ಟಲಿಲ್ಲ. "ನಿಮ್ಮನೆ ನೀರು ತಂದು ನಮ್ ಕೂಸಿಗೆ..." ಅಂದವರು ಮಾತು ಮುಗಿಸಲಿಲ್ಲ. ಮುಗಿಸುವುದು ಬೇಕಾಗಿಯೂ ಇರಲಿಲ್ಲ. ನಾನು ಬಾಗಿಲಲ್ಲಿದ್ದ ಅವರ ಹೆಂಡತಿಯ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು, ಆದರೆ ಒಳಗೆ ಮಗುವಿತ್ತು.

ಆಗ ಮಗಳು ಕಿವಿಗೆ ಬಟ್ಟೆ ಕಟ್ಟಿಕೊಂಡು, ಮಗುವನ್ನು ಎತ್ತಿಕೊಂಡು ಹೊಸ್ತಿಲಿಗೆ ಬಂದಳು. ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಅಪ್ಪಾ, ಸಾಕು ಬುಡು" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ದೊಡ್ಡಮ್ಮ, ಇಲ್ ನೋಡಿ. ಇವ್ಳ ತುಟಿ ಯಾಕ್ ಹಿಂಗಾಗದೆ?" ಅಂದಳು.

ಕತ್ತಲೆ ಕೋಣೆಯಲ್ಲಿ ಗೊತ್ತಾಗದ್ದು ಸಂಜೆ ಬೆಳಕಿನಲ್ಲಿ ಕಂಡಿತು. ಮಗುವಿನ ತುಟಿಯ ಸುತ್ತ ಮಸಿ ಬಟ್ಟೆಯಿಂದ ಒರೆಸಿದಂಥ ಛಾಯೆ. ಉಗುರುಗಳೂ ನೀಲಿ. ಅತ್ತು ಸುಸ್ತಾದ ಮಗುವಿನ ಹಾಗೆ ಅದು ಸುಮ್ಮನಿತ್ತು, ಆದರೆ ಅತ್ತಿರಲಿಲ್ಲ. ಈಗಲೇ ಆಸ್ಪತ್ರೆಗೆ ಹೊರಡಬೇಕು, ಡಾಕ್ಟರಿಗೆ ಹೇಳಿದ್ದಾಗಿದೆ ಎಂದೆ. ಯಜಮಾನರು ಮಗುವನ್ನು ಒಂದು ಸಲ ನೋಡಿದವರು ಚಪ್ಪಲಿಯನ್ನೂ ಹಾಕದೆ ಊರಿನ ಕಡೆ ಓಡಿದರು, ಆಟೋ ತರಲು. ಮಗಳು ಮಗುವನ್ನು ನನ್ನ ಕೈಗೆ ಕೊಟ್ಟು, ಕ್ಯಾನಿನ ಮುಚ್ಚಳ ತೆಗೆದು, ದಾರಿಗೆಂದು ಫ್ಲಾಸ್ಕಿಗೆ ನೀರು ಬಗ್ಗಿಸಿಕೊಂಡಳು. ಅವಳ ತಾಯಿ ನೋಡುತ್ತ ನಿಂತಿದ್ದರು. ಬೇಡ ಅನ್ನಲಿಲ್ಲ.

ಆಸ್ಪತ್ರೆಯಲ್ಲಿ ಮಗುವಿನ ರಕ್ತ ತೆಗೆದಾಗ ಅದು ಕೆಂಪಗಿರಲಿಲ್ಲ, ಕಂದು ಬಣ್ಣಕ್ಕೆ ತಿರುಗಿತ್ತು. ಡಾಕ್ಟರಿಗೆ ಕಾರಣ ಮೊದಲೇ ಗೊತ್ತಿದ್ದರಿಂದ ಹುಡುಕಾಟದಲ್ಲಿ ಹೊತ್ತು ಹೋಗಲಿಲ್ಲ. ಆಮ್ಲಜನಕ ಕೊಟ್ಟರು, ಔಷಧಿ ಕೊಟ್ಟರು. ಒಂದೆರಡು ಗಂಟೆಯಲ್ಲಿ ತುಟಿಯ ಬಣ್ಣ ತಿಳಿಯಾಗತೊಡಗಿತು ಎಂದು ಮಗಳು ಹೊರಗೆ ಬಂದು ಹೇಳಿದಳು, ಹೇಳುತ್ತ ಗೋಡೆಗೊರಗಿ ಕೂತುಬಿಟ್ಟಳು. ಯಜಮಾನರು ಕೆಳಗೆ ಗೇಟಿನ ಹತ್ತಿರವೇ ಇದ್ದರು, ಮೇಲಕ್ಕೆ ಬರಲಿಲ್ಲ.

ಕಾರಿಡಾರಿನಲ್ಲಿ ನಾನು ಮತ್ತು ಮಗುವಿನ ಅಜ್ಜಿ ಎದುರುಬದುರು ಬೆಂಚುಗಳಲ್ಲಿ ಕೂತಿದ್ದೆವು. ಬಹಳ ಹೊತ್ತಾದ ಮೇಲೆ ಅವರು, "ನಾನೇ ಕುದಿಸಿ ಕುದಿಸಿ ಕೊಟ್ನಲ್ಲ" ಅಂದರು.

ನಿಮಗೆ ಗೊತ್ತಿರಲಿಲ್ಲ ಎಂದೆ.

"ನಮ್ಗೆ ಗೊತ್ತಿರ್ನಿಲ್ಲ. ನೀವು ನೀರ್ ನೋಡೋರು. ಎರಡು ವರ್ಸ ನಮ್ ಹಟ್ಟೀಲಿ ಮಜ್ಜಿಗೆ ಕುಡುದ್ರಿ."

ನನಗೆ ಒಪ್ಪಿಸಿದ್ದು ಹಳ್ಳಗಳ ನೀರು, ಮನೆಗಳ ಬಾವಿಯಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅವರು ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳಲೇಬೇಕಿತ್ತು, ಇಲ್ಲದಿದ್ದರೆ ಅದೆಲ್ಲ ಅವರ ಮೇಲೇ ತಿರುಗುತ್ತಿತ್ತು. ಮಗಳಿಗೆ ಮಲಗಲು ಜಾಗ ಸಿಕ್ಕಿತೇ ಎಂದು ನೋಡಿ ನಾನು ಮನೆಗೆ ಬಂದೆ.

ಮಗು ಹುಷಾರಾಯಿತು. ಆಸ್ಪತ್ರೆಯಿಂದ ನೇರವಾಗಿ ಅಳಿಯ ಬಂದು ತಾಯಿ ಮಗುವನ್ನು ತನ್ನ ಊರಿಗೆ ಕರೆದುಕೊಂಡು ಹೋದ. ಬಾಣಂತನ ಅರ್ಧದಲ್ಲಿ ನಿಂತಿತು. ಅದು ಮಗುವಿನ ಅಜ್ಜಿಗೆ ಎಷ್ಟು ಚುಚ್ಚಿತೆಂದು ನಾನು ಊಹಿಸಬಲ್ಲೆ. ಇತ್ತ ನಮ್ಮ ವರದಿ ಹೋಗಲೇಬೇಕಿತ್ತು, ಹೋಯಿತು. ಕೆರೆಯ ನೀರು ಇನ್ನೂ ಮಿತಿಯೊಳಗೇ ಇತ್ತು, ಆದರೆ ಮೂರನೇ ಹಳ್ಳ ಹೀಗೇ ಹರಿದರೆ ಹೆಚ್ಚು ಕಾಲ ಇರುತ್ತಿರಲಿಲ್ಲ. ಪಂಚಾಯಿತಿಯವರು, ಅಧಿಕಾರಿಗಳು ಬಂದು ನೋಡಿದರು. ತಿಪ್ಪೆಯನ್ನು ಹಳ್ಳದಿಂದ ಆಚೆ ಸಾಗಿಸಿ ಸಿಮೆಂಟ್ ಗುಂಡಿ ಕಟ್ಟಬೇಕು, ಕೋಳಿಗೊಬ್ಬರವನ್ನು ಮಳೆಗೆ ಬಿಡಬಾರದು, ಆ ಬಾವಿಯ ನೀರು ಕುಡಿಯಬಾರದು ಎಂದು ಹೇಳಿದರು. ಊರಿನಲ್ಲಿ ಮಾತು ಹಬ್ಬಿತು. ವಿಷದ ನೀರಿನ ಮನೆ ಎಂದು ಯಾರೋ ಅಂದರಂತೆ, ಆ ಮಾತು ಅವರ ಕಿವಿಗೂ ಬಿತ್ತಂತೆ. ನಾನು ಅಧಿಕಾರಿಗಳನ್ನು ಕರೆತಂದು ಮನೆಯ ಮಾನ ಕಳೆದೆ ಎಂದು ಯಜಮಾನರು ನಂಬಿದರು.

ಮುಂದಿನ ಸಲ ಹಳ್ಳಕ್ಕೆ ಹೋದಾಗ ಆ ಹೆಂಗಸು ಹೊಲದಲ್ಲಿದ್ದರು. ಮಗು ಹೇಗಿದೆ ಎಂದು ಹಳ್ಳದಿಂದಲೇ ಕೇಳಿದೆ. "ಚೆನ್ನಾಗವ್ಳೆ ಮೇಡಮ್ಮೋರೆ" ಅಂದು ಮತ್ತೆ ಕಳೆ ಕೀಳತೊಡಗಿದರು. ಆಮೇಲಾಮೇಲೆ ನಾನು ಬರುವ ಹೊತ್ತಿಗೆ ಹೊರಗೆ ಕಾಣುವುದನ್ನೂ ಬಿಟ್ಟರು. ಒಂದು ದಿನ ದಾರಿಯಲ್ಲಿ ಯಜಮಾನರು ಬೈಕಿನಲ್ಲಿ ಎದುರಾದರು. ಊರಿನ ಘಟಕ ರಿಪೇರಿಯಾಗಿತ್ತು, ನೀರು ತರಲು ಹೊರಟಿದ್ದರು. ಹಿಂದಿನ ಸೀಟಿಗೆ ಹಗ್ಗದಲ್ಲಿ ಕಟ್ಟಿದ್ದದ್ದು ನನ್ನ ನೀಲಿ ಕ್ಯಾನು. ಅವರು ನನ್ನನ್ನು ನೋಡಿ ಮುಖ ತಿರುಗಿಸಿದರು. ನಾನು ಸ್ಕೂಟರನ್ನು ಬದಿಗೆ ತೆಗೆದು ಅವರಿಗೆ ದಾರಿ ಬಿಟ್ಟೆ.

ಅಕ್ಕ ಹೋದ ಮೇಲೆ ನಾನು ಒಂಟಿಯಾಗಿಯೇ ಇದ್ದವಳು, ಅಭ್ಯಾಸವಾಗಿತ್ತು. ಆದರೆ ನಡುವೆ ಒಂದು ಜಗಲಿ ಸಿಕ್ಕಿ ಅದು ಹೋದ ಮೇಲಿನ ಒಂಟಿತನ ಬೇರೆಯದು. ಎರಡನೇ ಹಳ್ಳ ಮುಗಿಸಿ ಹೊರಡುವಾಗ ಕಾಲು ತಾನಾಗಿಯೇ ಚುರುಕಾಗುತ್ತಿತ್ತು, ನಾಲ್ಕು ಹೆಜ್ಜೆ ಹೋದ ಮೇಲೆ ನಿಧಾನವಾಗುತ್ತಿತ್ತು. ಬೇಕರಿಯವರು ಬನ್ನು ಬೇಡವೇ ಎಂದು ಒಂದೆರಡು ಸಲ ಕೇಳಿ ಸುಮ್ಮನಾದರು. ಮುಖ್ಯಸ್ಥರ ಹತ್ತಿರ ಹೋಗಿ, ಮೂರನೇ ಹಳ್ಳಕ್ಕೆ ಬೇರೆ ಯಾರನ್ನಾದರೂ ಕಳಿಸಿ ಎಂದು ಕೇಳಬೇಕು ಅಂದುಕೊಂಡೆ. ಕೇಳಲಿಲ್ಲ. ಕೇಳಿದ್ದರೆ ಅವರು ಒಪ್ಪುತ್ತಿದ್ದರು, ಆಗ ಆ ಮನೆಯ ಒಲೆಯ ಹೊಗೆಯನ್ನೂ ನಾನು ನೋಡುತ್ತಿರಲಿಲ್ಲ.

ಮರು ವರ್ಷ ಮಳೆ ಬಂತು. ತಿಪ್ಪೆ ಆಚೆ ಹೋಗಿತ್ತು, ಕೋಳಿಗೊಬ್ಬರದ ರಾಶಿಗೆ ಟಾರ್ಪಾಲು ಬಿದ್ದಿತ್ತು. ಮೂರನೇ ಹಳ್ಳದ ಅಂಕಿ ಇಳಿಯಿತು, ಮುಂದಿನ ಸಲ ಇನ್ನೂ ಇಳಿಯಿತು. ಬಾವಿಯ ನೀರು ಅಷ್ಟು ಬೇಗ ಶುದ್ಧವಾಗುವುದಿಲ್ಲ, ಮಣ್ಣಿಗಿಳಿದದ್ದು ಹೋಗಲು ವರ್ಷಗಳು ಬೇಕು. ಆದರೂ ಹಳ್ಳ ಸುಧಾರಿಸಿತ್ತು. ಮುಖ್ಯಸ್ಥರು ಖುಷಿಯಾಗಿ ಎಲ್ಲರಿಗೂ ಟೀ ತರಿಸಿದರು. ನಾನೂ ಕುಡಿದೆ. ಈ ಸುದ್ದಿಯನ್ನು ನಾನು ಹೇಳಬೇಕಾಗಿದ್ದವರು ಅಲ್ಲಿ ಯಾರೂ ಇರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ ಹಳ್ಳದಲ್ಲಿ ಬಾಟಲಿ ತೊಳೆಯುತ್ತಿದ್ದಾಗ ಎದುರು ದಡದಲ್ಲಿ ಯಾರೋ ಬಂದು ಕೂತರು. ಅವರೇ. ಸ್ವಲ್ಪ ಸೊರಗಿದ್ದರು. ಮಡಿಲಿನಿಂದ ಒದ್ದೆ ಬಟ್ಟೆ ಸುತ್ತಿದ ಬಾಟಲಿಯೊಂದನ್ನು ತೆಗೆದು ಕಲ್ಲಿನ ಮೇಲಿಟ್ಟರು.

"ಮಗಳು ಕಳ್ಸವ್ಳೆ. ಅವಳ ಗಂಡನೂರಿನ ಬೋರ್ ನೀರು. ನೀವು ನೋಡಿ ಹೇಳ್ಬೇಕಂತೆ" ಅಂದರು.

ಯಾವಾಗ ತುಂಬಿದ್ದು ಎಂದು ಕೇಳಿದೆ. ಅಳಿಯ ಅವತ್ತು ಬೆಳಗ್ಗೆಯೇ ತುಂಬಿ ಬಸ್ಸಿನಲ್ಲಿ ತಂದು ಕೊಟ್ಟು ಹೋದನಂತೆ. ಮಗು ಈಗ ಮನೆ ತುಂಬ ನಡೆದಾಡುತ್ತದಂತೆ. ಮಗಳು ಆ ಊರಿನಲ್ಲಿ ಬಾಣಂತಿಯರ ಮನೆ ಮನೆಗೆ ಹೋಗಿ, ಮೊದಲು ನೀರು ಪರೀಕ್ಷೆ ಮಾಡಿಸಿ ಎಂದು ಹೇಳಿ ಬೈಸಿಕೊಳ್ಳುತ್ತಾಳಂತೆ. ಇಷ್ಟನ್ನೂ ಅವರು ನನ್ನ ಮುಖ ನೋಡದೆ, ಹರಿಯುವ ನೀರು ನೋಡುತ್ತ ಹೇಳಿದರು.

"ಅವ್ರು ಇನ್ನೂ ಕೋಪದಲ್ಲೇ ಅವ್ರೆ. ನಾನು ಕರೆಯಂಗಿಲ್ಲ" ಅಂದರು ಕೊನೆಗೆ.

ಪರವಾಗಿಲ್ಲ ಎಂದೆ. ನಡುವೆ ಹಳ್ಳ ಹರಿಯುತ್ತಿತ್ತು, ಮೊಣಕಾಲುದ್ದವೂ ಇರಲಿಲ್ಲ. ನಾನು ದಾಟಿ ಹೋಗಲಿಲ್ಲ, ಅವರೂ ಈ ಕಡೆ ಬರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಕೂತಿದ್ದು ಅವರು ಎದ್ದು ಹೋದರು. ಅವರು ಮನೆ ಸೇರಿದ ಮೇಲೆ ನಾನು ದಾಟಿ ಬಾಟಲಿ ತೆಗೆದುಕೊಂಡೆ.

ಆ ನೀರು ಚೆನ್ನಾಗಿತ್ತು. ಸಂಜೆ ಮಹಡಿಯ ಮೆಟ್ಟಿಲ ಮೇಲೆ ಕೂತು ಮಗಳಿಗೆ ಫೋನ್ ಮಾಡಿದೆ. ಕುಡಿಯಬಹುದು, ಆದರೆ ಮುಂದಿನ ಮಳೆಗಾಲ ಕಳೆದ ಮೇಲೆ ಇನ್ನೊಂದು ಸಲ ಕಳಿಸು ಎಂದು ಹೇಳಿದೆ. ಅವಳು ಬಹಳ ಮಾತಾಡಿದಳು. ಅತ್ತೆಯ ವಿಷಯ, ಮಗುವಿನ ಹಲ್ಲಿನ ವಿಷಯ, ಅಪ್ಪ ಅಮ್ಮನ ಹತ್ತಿರ ಆಡಲಾಗದ ಕೆಲವು ಮಾತು. ಕೊನೆಗೆ, "ಇರಿ ದೊಡ್ಡಮ್ಮ, ಅವಳ ಜೊತೆ ಮಾತಾಡಿ" ಎಂದು ಮಗುವಿನ ಕಿವಿಗೆ ಫೋನ್ ಹಿಡಿದಳು. ಆ ಕಡೆಯಿಂದ ಉಸಿರು ಕೇಳಿಸಿತು, ಜೊಲ್ಲಿನ ಸದ್ದು ಕೇಳಿಸಿತು. ಮಗುವಿನ ಜೊತೆ ಏನು ಮಾತಾಡಬೇಕೆಂದು ನನಗೆ ತಿಳಿಯದು. ನಿಮ್ಮೂರ ನೀರು ಚೆನ್ನಾಗಿದೆ ಕಣಮ್ಮ, ಕುಡಿ ಎಂದೆ. ಅಷ್ಟರಲ್ಲಿ ಲೈನು ಕಟ್ ಆಯಿತು. ಆ ಊರಿನಲ್ಲಿ ಸಿಗ್ನಲ್ ಸರಿಯಿಲ್ಲ ಎಂದು ಅವಳು ಮೊದಲೇ ಹೇಳಿದ್ದಳು.

ಮತ್ತೆ ಮಾಡುತ್ತಾಳೇನೋ ಎಂದು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. ಕೆಳಗಿನ ಮನೆಯವರು ಕುಕ್ಕರ್ ಇಟ್ಟಿದ್ದರು, ಬೇಳೆ ಬೇಯುವ ವಾಸನೆ ಮೆಟ್ಟಿಲವರೆಗೂ ಬರುತ್ತಿತ್ತು. ಕತ್ತಲಾಗುತ್ತಿದ್ದಂತೆ ಎದ್ದು ಒಳಗೆ ಹೋಗಿ, ದೀಪ ಹಾಕಿ, ಅನ್ನಕ್ಕೆ ಇಟ್ಟೆ.